ಬಣ್ಣದ ಎಲೆಯ ಗಿಡಗಳು: ಅವುಗಳನ್ನು ಸವರುವ ಕಾಲ ಮತ್ತು ಕ್ರಮ

ಶಾಲೆಯ ಮುಂದೆಯೋ, ದೇವಸ್ಥಾನದ ಪ್ರಾಕಾರದಲ್ಲಿಯೋ, ಅನುಕೂಲಸ್ಥರ ಮನೆಯ ಅಂಗಳದಲ್ಲಿಯೋ ಬಣ್ಣಬಣ್ಣದ ಎಲೆಗಳುಳ್ಳ ಕ್ರೋಟನ್ ಗಿಡಗಳ ಒಂದು ಸಾಲು ಇಲ್ಲದ ಊರು ನಮ್ಮ ನಾಡಿನಲ್ಲಿ ಈಗ ಅಪರೂಪ. ನೆಟ್ಟ ಮೊದಲ ಎರಡು ಮೂರು ವರ್ಷ ಈ ಗಿಡಗಳು ಬುಡದಿಂದ ತುದಿಯವರೆಗೆ ಎಲೆ ತುಂಬಿಕೊಂಡು ನೋಡುವವರ ಕಣ್ಣಿಗೆ ಹಬ್ಬವಾಗಿರುತ್ತವೆ. ಅನಂತರ ಅವುಗಳ ರೂಪ ಕೆಡುತ್ತ ಬರುತ್ತದೆ. ಗಿಡವು ಎತ್ತರಕ್ಕೆ ಹೋದ ಹಾಗೆಲ್ಲ ಕೆಳಗಿನ ಎಲೆಗಳು ಉದುರಿ, ಆಳೆತ್ತರದ ಬೋಳುಕಡ್ಡಿಯ ಮೇಲೆ ಒಂದು ಹಿಡಿ ಎಲೆ ಮಾತ್ರ ಉಳಿಯುತ್ತದೆ. ಆಗ ಯಜಮಾನರಿಗೆ ತೋರುವ ಉಪಾಯಗಳು ಸಾಧಾರಣವಾಗಿ ಎರಡೇ: ಗಿಡವನ್ನು ಕಿತ್ತು ಎಸೆಯುವುದು, ಇಲ್ಲವೆ ಆಳನ್ನು ಕರೆದು ಮಚ್ಚಿನಿಂದ ಕೊಚ್ಚಿಸುವುದು. ಇವೆರಡೂ ಸರಿಯಾದ ಉಪಾಯಗಳಲ್ಲ.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಒಂದು ಊರಿನಲ್ಲಿ ಈ ಲೇಖಕನು ಕಂಡ ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಚೈತ್ರಮಾಸದಲ್ಲಿ ರಥೋತ್ಸವವಿತ್ತು. ತೇರಿನ ಬೀದಿಯ ಎರಡು ಪಕ್ಕದಲ್ಲಿಯೂ ಇದ್ದ ಕ್ರೋಟನ್ ಗಿಡಗಳು ಅಂದಗೆಟ್ಟಿವೆಯೆಂದು ಊರಿನ ಹಿರಿಯರು ಒಂದೇ ದಿನದಲ್ಲಿ ಅವೆಲ್ಲವನ್ನೂ ಮೊಣಕಾಲೆತ್ತರಕ್ಕೆ ಕಡಿಸಿದರು. ಕಡಿದ ಸೊಪ್ಪನ್ನು ಗಾಡಿಗೆ ತುಂಬಿ ಹತ್ತಿರದ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಸುರಿದರು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಮುಂಗಾರು ಬರುವಷ್ಟರಲ್ಲಿ ಆ ಸಾಲಿನ ಅರ್ಧದಷ್ಟು ಗಿಡಗಳು ಒಣಗಿಹೋಗಿದ್ದವು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಕಡಿದ ಸೊಪ್ಪಿನಲ್ಲಿ ಅಡಗಿದ್ದ ಹಿಟ್ಟು ತಿಗಣೆ ಬದುವಿನ ದಾಸವಾಳದ ಬೇಲಿಗೂ, ಅಲ್ಲಿಂದ ಹಿಪ್ಪುನೇರಳೆಗೂ ಹತ್ತಿತ್ತು. ತೋಟದವನು ಆ ವರ್ಷ ಒಂದು ಬೆಳೆ ರೇಷ್ಮೆ ಹುಳುವನ್ನು ಸಾಕಲಾರದೆ ಹೋದನು. ಅಲಂಕಾರದ ಗಿಡದ ವಿಷಯವೆಂದು ಉದಾಸೀನ ಮಾಡಿದ್ದು ಒಬ್ಬ ರೈತನ ಜೀವನೋಪಾಯವನ್ನೇ ಮುಟ್ಟಿತು. ಆ ಊರಿನಲ್ಲಿ ನಡೆದ ತಪ್ಪುಗಳು ಮೂರು: ಕಾಲವನ್ನು ನೋಡದಿದ್ದುದು, ಕ್ರಮವನ್ನು ತಿಳಿಯದಿದ್ದುದು, ಕಡಿದ ಸೊಪ್ಪಿನ ವಿಲೇವಾರಿಯನ್ನು ಯೋಚಿಸದಿದ್ದುದು. ಈ ಮೂರನ್ನೂ ಕ್ರಮವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಗಿಡಗಳ ಪರಿಚಯ

ನಾವು ಕ್ರೋಟನ್ ಎಂದು ಕರೆಯುವ ಗಿಡದ ಶಾಸ್ತ್ರೀಯ ಹೆಸರು ಕೋಡಿಯಂ ವೇರಿಗೇಟಂ. ಮಲಯ ದ್ವೀಪಸ್ತೋಮ, ನ್ಯೂಗಿನಿ, ಉತ್ತರ ಆಸ್ಟ್ರೇಲಿಯಾ ಮತ್ತು ಶಾಂತಸಾಗರದ ದ್ವೀಪಗಳು ಇದರ ತವರು. ನಮ್ಮ ವೈದ್ಯರು ಭೇದಿಗೆ ಕೊಡುತ್ತಿದ್ದ ಜಾಪಾಳದ ಗಿಡವೇ ಶಾಸ್ತ್ರದಲ್ಲಿ ನಿಜವಾದ ಕ್ರೋಟನ್. ಅಂಗಳದ ಗಿಡವು ಅದೇ ಹರಳಿನ ಕುಟುಂಬಕ್ಕೆ ಸೇರಿದ್ದರೂ ಬೇರೆಯೇ ಆದುದು. ತಾಮ್ರವರ್ಣದ ಅಗಲ ಎಲೆಯ ಅಕಾಲಿಫಾ ಶಾಂತಸಾಗರದ ದ್ವೀಪಗಳಿಂದ ಬಂದದ್ದು. ನಮ್ಮ ಹೊಲದಂಚಿನಲ್ಲಿ ತಾನಾಗಿಯೇ ಹುಟ್ಟುವ ಕುಪ್ಪಿಗಿಡ ಇದರ ಹತ್ತಿರದ ಬಂಧು. ಮಖಮಲ್ಲಿನಂತಹ ಬಣ್ಣದೆಲೆಯ ಕೋಲಿಯಸ್ ಆಗ್ನೇಯ ಏಷ್ಯದ್ದು. ಕೆಮ್ಮಿಗೆ ರಸ ತೆಗೆದು ಮಕ್ಕಳಿಗೆ ಕೊಡುವ ದೊಡ್ಡಪತ್ರೆಯೂ ಇದೇ ಪಂಗಡದ ಗಿಡ. ಕಬ್ಬಿನಂತೆ ಗೆಣ್ಣುಗೆಣ್ಣಾಗಿ ಬೆಳೆದು ತುದಿಯಲ್ಲಿ ಕೆಂಪು, ನೇರಿಳೆ ಎಲೆಗಳ ಕುಚ್ಚನ್ನು ಬಿಡುವ ಕಾರ್ಡಿಲೈನ್ ಹಾಗೂ ಡ್ರಾಸೀನ, ಬಿಳಿ ಚುಕ್ಕೆಯ ದೊಡ್ಡ ಎಲೆಯ ಡಿಫೆನ್‌ಬೇಕಿಯಾ, ಗಡ್ಡೆಯಿಂದ ಚಿಗುರುವ ಕೆಲೇಡಿಯಂ, ಹಬ್ಬುವ ಮನಿಪ್ಲಾಂಟ್ ಇವು ಮನೆಯೊಳಗಿನ ಕುಂಡಗಳಲ್ಲಿ ಹೆಚ್ಚಾಗಿ ಕಾಣುವಂಥವು.

ಇಂತಹ ಪರದೇಶದ ಗಿಡಗಳು ನಮ್ಮಲ್ಲಿ ಹರಡುವುದಕ್ಕೆ ಸಸ್ಯೋದ್ಯಾನಗಳು ಮುಖ್ಯ ಸಾಧನವಾದವು. 1760ರಲ್ಲಿ ಹೈದರಾಲಿಯು ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. 1889ರಲ್ಲಿ ಅಲ್ಲಿನ ಗಾಜಿನ ಮನೆಗೆ ಅಡಿಗಲ್ಲು ಹಾಕಲಾಯಿತು. ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳಿಗೆ ಹೋದವರು ಎಲೆಯ ಗಿಡಗಳು ಬುಡದಿಂದಲೇ ತುಂಬಿಕೊಂಡು ದುಂಡಗೆ ನಿಂತಿರುವುದನ್ನು ಕಂಡು, ಅದು ಬೇರೆ ಜಾತಿಯೆಂದು ಭಾವಿಸುವುದುಂಟು. ಜಾತಿ ಬೇರೆಯಲ್ಲ, ವರ್ಷವರ್ಷವೂ ಕಾಲವರಿತು ಸವರಿದುದರ ಫಲ ಅದು.

ಸವರಿದರೆ ಗಿಡವು ಕವಲೊಡೆಯಲು ಕಾರಣ

ಸವರುವ ಕೆಲಸ ನಮ್ಮ ಬೇಸಾಯಗಾರರಿಗೆ ಹೊಸದಲ್ಲ. ಹಿಪ್ಪುನೇರಳೆಯನ್ನು ಬುಡಮಟ್ಟಕ್ಕೆ ಕತ್ತರಿಸಿ ಹೊಸ ಸೊಪ್ಪು ಪಡೆಯುತ್ತೇವೆ. ವಿಜಯಪುರದ ಕಡೆ ದ್ರಾಕ್ಷಿಗೆ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು ಎಂದು ಎರಡು ಚಾಟನಿ ಮಾಡುತ್ತಾರೆ. ಕಾಫಿಯ ತೋಟಗಳಲ್ಲಿ ಗಿಡದ ತಲೆ ಕತ್ತರಿಸಿ ಎತ್ತರವನ್ನು ತಡೆಯುತ್ತಾರೆ. ಇವುಗಳೆಲ್ಲದರ ಹಿಂದೆ ಇರುವ ನಿಯಮ ಒಂದೇ.

ಗಿಡದ ಪ್ರತಿಯೊಂದು ಎಲೆಯ ಕಂಕುಳಲ್ಲಿಯೂ ಒಂದು ಮಲಗಿದ ಕಣ್ಣು ಇರುತ್ತದೆ. ತುದಿಯ ಸುಳಿ ಆರೋಗ್ಯವಾಗಿರುವವರೆಗೆ ಈ ಕಣ್ಣುಗಳು ಏಳುವುದಿಲ್ಲ. ಸುಳಿಯಲ್ಲಿ ಹುಟ್ಟಿ ಕಾಂಡದ ಮೂಲಕ ಕೆಳಕ್ಕೆ ಇಳಿಯುವ ಆಕ್ಸಿನ್ ಎಂಬ ರಸವೇ ಅವುಗಳನ್ನು ತಡೆಯುತ್ತದೆಂದು ಥೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1933-34ರಲ್ಲಿ ಅವರೆಯ ವರ್ಗಕ್ಕೆ ಸೇರಿದ ಒಂದು ಗಿಡದಲ್ಲಿ ಪ್ರಯೋಗ ಮಾಡಿ ತೋರಿಸಿದರು. ಗಿಡದಲ್ಲಿ ತಯಾರಾದ ಸಕ್ಕರೆಯ ಹೆಚ್ಚು ಪಾಲನ್ನು ಬೆಳೆಯುವ ಸುಳಿಯೇ ಎಳೆದುಕೊಳ್ಳುವುದೂ ಇದಕ್ಕೆ ಒಂದು ಕಾರಣವೆಂದು ಈಚಿನ ಸಂಶೋಧನೆಗಳಿಂದ ತಿಳಿದುಬಂದಿದೆ. ಸುಳಿಯನ್ನು ತೆಗೆದೊಡನೆ ತಡೆ ನೀಗುತ್ತದೆ. ಕೆಳಗಿನ ಎರಡು ಮೂರು ಕಣ್ಣುಗಳು ಎಚ್ಚರಗೊಂಡು ಒಂದೊಂದೂ ಒಂದು ಕವಲಾಗುತ್ತದೆ. ಒಂದು ಕುಚ್ಚು ಇದ್ದಲ್ಲಿ ಮೂರು ಕುಚ್ಚುಗಳಾಗುತ್ತವೆ.

ಇಲ್ಲಿ ಒಂದು ಮಾತನ್ನು ಮರೆಯಲಾಗದು. ಕಣ್ಣುಗಳು ಏಳಲು ಆಹಾರ ಬೇಕು. ಆ ಆಹಾರ ಎಲೆಗಳಲ್ಲಿ ತಯಾರಾಗುವಂಥದು, ಇಲ್ಲವೆ ಕಾಂಡ ಮತ್ತು ಬೇರಿನಲ್ಲಿ ಕೂಡಿಟ್ಟಿರುವಂಥದು. ಎಲ್ಲ ಎಲೆಗಳನ್ನೂ ಒಮ್ಮೆಗೇ ತೆಗೆದು, ಬಿಸಿಲ ಬೇಗೆಯಲ್ಲಿ ನೀರೂ ಇಲ್ಲದೆ ಬಿಟ್ಟರೆ, ಕೂಡಿಟ್ಟದ್ದು ಮುಗಿಯುವಷ್ಟರಲ್ಲಿ ಹೊಸ ಎಲೆ ಬರುವುದಿಲ್ಲ, ಗಿಡ ಸಾಯುತ್ತದೆ. ಮೇಲೆ ಹೇಳಿದ ತೇರಿನ ಬೀದಿಯಲ್ಲಿ ಆದದ್ದು ಇದೇ. ಗೋಡೆಯ ನೆರಳಿನಲ್ಲಿ ಇದ್ದು, ಕೆಳಗೆ ನಾಲ್ಕು ಎಲೆ ಉಳಿದಿದ್ದ ಗಿಡಗಳು ಬದುಕಿಕೊಂಡವು; ಬಯಲಿನಲ್ಲಿ ಬೋಳಾಗಿ ನಿಂತವು ಒಣಗಿದವು.

ಬಣ್ಣದ ವಿಚಾರ

ಎಲೆಯ ಹಸುರಿಗೆ ಕಾರಣವಾದ ಪತ್ರಹರಿತ್ತಿನ ಜೊತೆಗೆ ಹಳದಿ ಮತ್ತು ಕಿತ್ತಳೆಯನ್ನು ಕೊಡುವ ವಸ್ತುಗಳೂ, ಕೆಂಪು ಮತ್ತು ನೇರಿಳೆಯನ್ನು ಕೊಡುವ ವಸ್ತುಗಳೂ ಈ ಗಿಡಗಳಲ್ಲಿ ಇರುತ್ತವೆ. ಬೆಳಕು ಚೆನ್ನಾಗಿ ಬಿದ್ದಾಗ ಇವು ಎದ್ದು ಕಾಣುತ್ತವೆ. ಬೆಳಕು ಕಡಮೆಯಾದರೆ ಹಸುರು ಮೇಲುಗೈಯಾಗುತ್ತದೆ. ಆದುದರಿಂದ ಕ್ರೋಟನ್ ಬಣ್ಣಗೆಟ್ಟಿದೆಯೆಂದು ಗೊಬ್ಬರವನ್ನು ಸುರಿಯುವುದಕ್ಕೆ ಮೊದಲು, ಅದಕ್ಕೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ಬಿಸಿಲು ಸಿಕ್ಕುವುದೇ ಎಂದು ನೋಡತಕ್ಕದ್ದು. ಹಲವು ಕ್ರೋಟನ್ ಜಾತಿಗಳ ಎಳೆಯ ಎಲೆ ಹಸುರಾಗಿಯೋ ಹಳದಿಯಾಗಿಯೋ ಹುಟ್ಟಿ ಬಲಿತ ಮೇಲೆ ಕೆಂಪಾಗುತ್ತದೆ. ಸವರಿದ ಮೇಲೆ ಬಂದ ಚಿಗುರು ಹಸುರಾಗಿದೆಯೆಂದು ಗಾಬರಿಪಡಬೇಕಾದುದಿಲ್ಲ.

ಆದರೆ ಬಿಳಿ ಅಥವಾ ಹಳದಿ ಅಂಚಿನ ಗಿಡಗಳಲ್ಲಿ ಒಮ್ಮೊಮ್ಮೆ ಅಚ್ಚ ಹಸುರಾದ ಒಂದು ಕೊಂಬೆ ಹೊರಡುತ್ತದೆ. ಇದು ಬೇರೆ ಸಂಗತಿ. ಹಸುರು ಹೆಚ್ಚಿದ್ದರಿಂದ ಆ ಕೊಂಬೆ ಹೆಚ್ಚು ಆಹಾರವನ್ನು ತಯಾರಿಸಿ ಉಳಿದ ಕೊಂಬೆಗಳಿಗಿಂತ ಬೇಗ ಬೆಳೆದು, ಕಡೆಗೆ ಗಿಡವನ್ನೇ ಆಕ್ರಮಿಸುತ್ತದೆ. ಇಂತಹ ಕೊಂಬೆಯನ್ನು ಕಂಡ ಕೂಡಲೆ, ಕಾಲವನ್ನು ಕಾಯದೆ, ಅದು ಹುಟ್ಟಿದ ಸ್ಥಳದವರೆಗೂ ಇಳಿದು ತೆಗೆದುಹಾಕಬೇಕು.

ಸವರುವ ಕಾಲ

ಬಯಲುಸೀಮೆಯಲ್ಲಿ ರೋಹಿಣಿ ಮಳೆ ಬಿದ್ದು ನೆಲ ತಣಿದ ಮೇಲೆ, ಮೃಗಶಿರ ಮತ್ತು ಆರಿದ್ರಾ ಮಳೆಗಳ ನಡುವೆ, ಅಂದರೆ ಜೂನ್ ತಿಂಗಳಿನಲ್ಲಿ ಸವರುವುದು ಅತ್ಯುತ್ತಮ. ಆಗ ಗಾಳಿಯಲ್ಲಿ ತೇವವಿರುತ್ತದೆ, ಬೇರು ಚುರುಕಾಗಿರುತ್ತದೆ, ಚಿಗುರು ಬೇಗ ಏಳುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಜಡಿಮಳೆಯ ನಡುವೆ ಸವರಿದರೆ ಗಾಯದಲ್ಲಿ ನೀರು ನಿಂತು ಕೊಳೆಯುವ ಭಯವುಂಟು. ಅಲ್ಲಿ ಮೇ ತಿಂಗಳ ಮುಂಗಾರು ಮುನ್ನಿನ ಮಳೆಯ ನಂತರವೋ, ಮಳೆಯ ಜೋರು ತಗ್ಗಿದ ಸೆಪ್ಟೆಂಬರಿನಲ್ಲಿಯೋ ಈ ಕೆಲಸವನ್ನು ಇಟ್ಟುಕೊಳ್ಳಬೇಕು.

ಮಾಗಿಯ ಚಳಿಯಲ್ಲಿ ಸವರಬಾರದು. ಉಷ್ಣದೇಶದ ಈ ಗಿಡಗಳು ಆಗ ಬಹುಮಟ್ಟಿಗೆ ನಿದ್ರಿಸುತ್ತವೆ. ಮಾರ್ಚ್, ಏಪ್ರಿಲ್ ತಿಂಗಳುಗಳ ಬಿಸಿಲಿನಲ್ಲಿಯೂ ಸವರಬಾರದು. ಇಷ್ಟು ದಿನ ಎಲೆಯ ನೆರಳಿನಲ್ಲಿದ್ದ ತೊಗಟೆ ಏಕಾಏಕಿ ಬಿಸಿಲಿಗೆ ಸಿಕ್ಕಿ ಸುಟ್ಟು ಸಿಗಿಯುತ್ತದೆ. ಜಾತ್ರೆ, ಮದುವೆಗಳಿಗೆ ಗಿಡಗಳು ಅಂದವಾಗಿರಬೇಕೆಂದಾದರೆ ಹಿಂದಿನ ಮುಂಗಾರಿನಲ್ಲಿಯೇ ಸವರಿರಬೇಕು. ಬೇಸಗೆಯಲ್ಲಿ ಮಾಡಬಹುದಾದದ್ದು ಒಣಗಿದ ಕಡ್ಡಿ, ಹಣ್ಣೆಲೆಗಳನ್ನು ತೆಗೆಯುವುದು ಮಾತ್ರ.

ಆಯುಧ ಮತ್ತು ಕ್ರಮ

ಬೆರಳ ಗಾತ್ರದ ಕೊಂಬೆಗಳಿಗೆ ಗಿಡ ಕತ್ತರಿಸುವ ಕತ್ತರಿ, ಅದಕ್ಕಿಂತ ದಪ್ಪನಾದವುಗಳಿಗೆ ಸಣ್ಣ ಹಲ್ಲಿನ ಗರಗಸ ಸಾಕು. ಮಚ್ಚಿನಿಂದ ಹೊಡೆದರೆ ಕಾಂಡ ಸೀಳಿ, ತೊಗಟೆ ಕೆಳಕ್ಕೆ ಕಿತ್ತು ಬರುತ್ತದೆ. ಆ ಸೀಳಿನಲ್ಲಿ ಬೂಷ್ಟೂ ಹುಳುವೂ ಸೇರುತ್ತವೆ. ಆಯುಧವನ್ನು ಮೊದಲೇ ಮಸೆದಿಟ್ಟುಕೊಂಡು, ರೋಗವಿದ್ದ ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು.

ಸವರುವ ಹಿಂದಿನ ದಿನ ಗಿಡಕ್ಕೆ ಚೆನ್ನಾಗಿ ನೀರು ಕೊಡಬೇಕು. ಮರುದಿನ ಬೆಳಗಿನ ತಂಪಿನಲ್ಲಿ ಈ ಅನುಕ್ರಮದಿಂದ ಕೆಲಸ ಮಾಡತಕ್ಕದ್ದು:

1. ಮೊದಲು ಒಣಗಿದ, ಮುರಿದ, ಹುಳು ಹಿಡಿದ ಕೊಂಬೆಗಳನ್ನು ಬುಡಸಹಿತ ತೆಗೆಯುವುದು.

2. ಅನಂತರ ಒಳಮುಖವಾಗಿ ಬೆಳೆದು ಒಂದನ್ನೊಂದು ಉಜ್ಜುವ ಕೊಂಬೆಗಳಲ್ಲಿ ಬಡಕಲಾದುದನ್ನು ತೆಗೆದು ಗಾಳಿ ಬೆಳಕಿಗೆ ದಾರಿ ಮಾಡುವುದು.

3. ಆ ಮೇಲೆ ಎತ್ತರವನ್ನು ತಗ್ಗಿಸುವುದು. ಹೊರಮುಖವಾಗಿರುವ ಒಂದು ಕಣ್ಣನ್ನು ಆರಿಸಿ, ಅದರ ಮೇಲೆ ಕಾಲು ಅಂಗುಲ ಬಿಟ್ಟು, ನೀರು ಕಣ್ಣಿನ ಕಡೆಗೆ ಹರಿಯದಂತೆ ಓರೆಯಾಗಿ ಕತ್ತರಿಸುವುದು. ಹೆಚ್ಚು ಬಿಟ್ಟರೆ ಮೋಟು ಒಣಗುತ್ತದೆ. ಕಡಮೆ ಬಿಟ್ಟರೆ ಕಣ್ಣೇ ಕೆಡುತ್ತದೆ.

4. ಒಂದು ಸಲಕ್ಕೆ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯದಿರುವುದು.

ಹೆಬ್ಬೆರಳಿಗಿಂತ ದಪ್ಪನಾದ ಗಾಯಗಳಿಗೆ ಬೋರ್ಡೊ ಮುಲಾಮನ್ನು ಹಚ್ಚುವುದು ಒಳ್ಳೆಯದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರು ನೀರು ಇದರ ಪ್ರಮಾಣ. ನಾಲ್ಕಾರು ಗಿಡಗಳಿಗೆ ಇದರ ಹತ್ತರಲ್ಲೊಂದು ಪಾಲು ಸಾಕು. ಮೈಲುತುತ್ತವನ್ನು ಮಣ್ಣಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿಯೇ ಕರಗಿಸಬೇಕು, ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಸಿಂಪಡಿಸುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಸವರಿದ ಗಿಡಕ್ಕೆ ಎಲೆ ಕಡಮೆಯಾಗಿರುವುದರಿಂದ ನೀರಿನ ಖರ್ಚೂ ಕಡಮೆ. ಮಣ್ಣು ಒದ್ದೆಯಾಗಿದ್ದರೆ ಸಾಕು, ನಿಲ್ಲಬಾರದು. ಬುಡಕ್ಕೆ ತರಗೆಲೆಯ ಹೊದಿಕೆ ಹಾಕುವುದು ಹಿತ. ಗೊಬ್ಬರವನ್ನು ಸವರಿದ ದಿನವೇ ಹಾಕದೆ, ಹೊಸ ಚಿಗುರು ಒಂದು ಅಂಗುಲವಾದ ಮೇಲೆ, ಗಿಡಕ್ಕೆ ಎರಡು ಬೊಗಸೆ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಒಂದು ಹಿಡಿ ಬೇವಿನ ಹಿಂಡಿಯನ್ನು ಕೊಡಬೇಕು.

ಒಂದೊಂದು ಗಿಡಕ್ಕೂ ಒಂದೊಂದು ಬಗೆ

ಕ್ರೋಟನ್: ಎಳೆಯ ಗಿಡ ಒಂದು ಅಡಿ ಎತ್ತರವಾದಾಗಲೇ ಸುಳಿಯನ್ನು ಚಿವುಟಿದರೆ ಬುಡದಿಂದಲೇ ಕವಲಾಗುತ್ತದೆ. ಬೋಳಾಗಿ ಬೆಳೆದುಬಿಟ್ಟ ಹಳೆಯ ಗಿಡವನ್ನು ಮೂರು ವರ್ಷದಲ್ಲಿ ಸರಿಪಡಿಸಬೇಕು. ಮೊದಲ ವರ್ಷ ಅತಿ ಎತ್ತರವಾದ ಒಂದೆರಡು ಕಾಂಡಗಳನ್ನು ಮಾತ್ರ ನೆಲದಿಂದ ಒಂದೂವರೆ ಅಡಿಗೆ ಇಳಿಸಬೇಕು. ಅವು ಚಿಗುರಿ ಎಲೆ ತುಂಬಿದ ಮೇಲೆ, ಮರುವರ್ಷ ಇನ್ನೆರಡನ್ನು ಇಳಿಸಬೇಕು. ಒಂದೇ ಕಾಂಡವಿರುವ ಗಿಡವಾದರೆ ಮೊದಲು ಅದರ ತಲೆಗೆ ಗೂಟಿ ಕಟ್ಟುವುದು ಜಾಣತನ. ತುದಿಯಿಂದ ಒಂದು ಅಡಿ ಕೆಳಗೆ, ಪೆನ್ಸಿಲ್ ಗಾತ್ರವಿರುವ ಕಡೆ, ಒಂದು ಅಂಗುಲ ಅಗಲದ ಉಂಗುರದಂತೆ ತೊಗಟೆಯನ್ನು ಸುಲಿದು, ಒದ್ದೆ ಮಾಡಿದ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಇಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿ ಎರಡು ಕಡೆಯೂ ಕಟ್ಟಬೇಕು. ಮಳೆಗಾಲದಲ್ಲಿ ಆರರಿಂದ ಎಂಟು ವಾರಗಳಲ್ಲಿ ಬೇರು ಇಳಿಯುತ್ತದೆ. ಆಗ ಗೂಟಿಯ ಕೆಳಗೆ ಕತ್ತರಿಸಿ ತಲೆಯನ್ನು ಹೊಸ ಗಿಡವಾಗಿ ನೆಡಬಹುದು. ಉಳಿದ ಮೋಟು ತಾನೇ ಚಿಗುರುತ್ತದೆ. ಹೀಗೆ ಮಾಡಿದವನಿಗೆ ಒಂದು ಗಿಡದ ಬದಲು ಎರಡಾಗುತ್ತವೆ. ಮೋಟು ಸತ್ತರೂ ಜಾತಿ ಉಳಿಯುತ್ತದೆ.

ಅಕಾಲಿಫಾ: ಇದು ಬೇಗ ಬೆಳೆಯುವ, ಕಡಿತವನ್ನು ತಾಳುವ ಗಿಡ. ವರ್ಷಕ್ಕೊಮ್ಮೆ ನೆಲದಿಂದ ಒಂದು ಅಡಿಗೆ ಇಳಿಸಿದರೂ ಬುಡದಲ್ಲಿ ತೇವವಿದ್ದರೆ ಒತ್ತಾಗಿ ಚಿಗುರುತ್ತದೆ. ಬೇಲಿಯಾಗಿ ಬೆಳೆಸಿದಾಗ ಬುಡ ಅಗಲವಾಗಿಯೂ ತಲೆ ಕಿರಿದಾಗಿಯೂ ಇರುವಂತೆ ಕತ್ತರಿಸಬೇಕು. ತಲೆ ಅಗಲವಾದರೆ ಕೆಳಗಿನ ಎಲೆಗಳಿಗೆ ಬೆಳಕು ಸಿಕ್ಕದೆ ಬೇಲಿಯ ಬುಡ ಬೋಳಾಗುತ್ತದೆ.

ಕಾರ್ಡಿಲೈನ್ ಮತ್ತು ಡ್ರಾಸೀನ: ಇವುಗಳ ಕಾಂಡವನ್ನು ಯಾವ ಎತ್ತರದಲ್ಲಿ ಕತ್ತರಿಸಿದರೂ, ಅದರ ಕೆಳಗೆ ಎರಡು ಮೂರು ಮೊಳಕೆಗಳು ಬರುತ್ತವೆ. ಒಂದೇ ಕುಂಡದಲ್ಲಿ ಮೂರು ಕಾಂಡಗಳಿದ್ದರೆ ಒಂದನ್ನು ಮೊಣಕಾಲೆತ್ತರಕ್ಕೆ, ಒಂದನ್ನು ಸೊಂಟದೆತ್ತರಕ್ಕೆ ಇಳಿಸಿ ಮೂರನೆಯದನ್ನು ಹಾಗೆಯೇ ಬಿಟ್ಟರೆ ಮೂರು ಅಂತಸ್ತಿನಲ್ಲಿ ಎಲೆ ತುಂಬುತ್ತದೆ. ಕತ್ತರಿಸಿದ ಕಾಂಡವನ್ನು ಮೂರು ಅಂಗುಲದ ತುಂಡುಗಳನ್ನಾಗಿ ಮಾಡಿ, ಕಬ್ಬಿನ ಬಿತ್ತನೆಯಂತೆ ಒದ್ದೆ ಮರಳಿನಲ್ಲಿ ಅಡ್ಡಲಾಗಿ ಹುಗಿದರೆ ಗೆಣ್ಣುಗಳಿಂದ ಹೊಸ ಸಸಿಗಳು ಏಳುತ್ತವೆ.

ಕೋಲಿಯಸ್: ಇದಕ್ಕೆ ಕತ್ತರಿಯೇ ಬೇಡ, ಬೆರಳಿನ ಉಗುರು ಸಾಕು. ಪ್ರತಿ ಕೊಂಬೆ ನಾಲ್ಕೈದು ಜೊತೆ ಎಲೆ ಬಿಟ್ಟಾಗ ತುದಿಯನ್ನು ಚಿವುಟುತ್ತಿರಬೇಕು. ಹೂವಿನ ಕದಿರು ಕಂಡೊಡನೆ ತೆಗೆಯಬೇಕು. ಹೂ ಬಿಟ್ಟ ಗಿಡದ ಎಲೆ ಚಿಕ್ಕದಾಗಿ ಬಣ್ಣಗೆಡುತ್ತದೆ. ಒಂದು ವರ್ಷವಾದ ಗಿಡ ಕಟ್ಟಿಗೆಯಂತಾಗುವುದರಿಂದ, ಚಿವುಟಿದ ತುದಿಗಳನ್ನು ದೊಡ್ಡಪತ್ರೆಯ ಕಡ್ಡಿಯಂತೆ ನೆಟ್ಟು ವರ್ಷವರ್ಷವೂ ಹೊಸದು ಮಾಡಿಕೊಳ್ಳಬೇಕು.

ಕೆಲೇಡಿಯಂ: ಇದನ್ನು ಸವರುವ ಪ್ರಶ್ನೆಯೇ ಇಲ್ಲ. ಬಾಡಿದ ಎಲೆಗಳನ್ನು ಮಾತ್ರ ತೆಗೆಯಬೇಕು. ಚಳಿಗಾಲದಲ್ಲಿ ಎಲ್ಲ ಎಲೆಗಳೂ ಬಾಡಿದರೆ ಗಿಡ ಸತ್ತಿತೆಂದು ಕುಂಡವನ್ನು ಬರಿದು ಮಾಡಬಾರದು, ಗಡ್ಡೆ ವಿಶ್ರಾಂತಿಯಲ್ಲಿರುತ್ತದೆ. ನೀರನ್ನು ನಿಲ್ಲಿಸಿ, ಮುಂಗಾರಿನ ಮುಂಚೆ ಹೊಸ ಮಣ್ಣಿಗೆ ನೆಟ್ಟರೆ ಮತ್ತೆ ಚಿಗುರುತ್ತದೆ.

ಮನೆಯೊಳಗಿನ ಕುಂಡಗಳು

ಮನೆಯೊಳಗೆ ಬೆಳಕು ಒಂದೇ ಕಡೆಯಿಂದ ಬರುವುದರಿಂದ ಗಿಡ ಕಿಟಕಿಯ ಕಡೆಗೆ ವಾಲುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತಿದ್ದರೆ ಅರ್ಧ ಸವರುವ ಕೆಲಸ ತಪ್ಪುತ್ತದೆ. ಪೂರ್ವದ ಕಿಟಕಿ ಅಥವಾ ತೊಟ್ಟಿಯ ಅಂಚು ಪ್ರಶಸ್ತ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು ಕುಂಡಕ್ಕೆ ಸರಿಯಾದ ಮಿಶ್ರಣ. ಎಲೆಯ ಮೇಲೆ ಕೂತ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಸವರಿದ ಕುಂಡವನ್ನು ಒಮ್ಮೆಗೇ ಹೊರಗಿನ ಬಿಸಿಲಿಗೆ ಇಡಬಾರದು. ಹತ್ತು ಹದಿನೈದು ದಿನ ನೆರಳಿನಲ್ಲಿ, ಅನಂತರ ಬೆಳಗಿನ ಬಿಸಿಲಿನಲ್ಲಿ ಇಟ್ಟು ರೂಢಿಮಾಡಬೇಕು. ಕ್ರೋಟನ್ ಸ್ಥಳ ಬದಲಾದಾಗಲೂ ಎಲೆ ಉದುರಿಸುವ ಸ್ವಭಾವದ್ದು. ಅಂತಹ ಸಮಯದಲ್ಲಿ ಕತ್ತರಿ ಹಿಡಿಯದೆ, ಅದು ಹೊಂದಿಕೊಳ್ಳುವವರೆಗೆ ಕಾಯುವುದೇ ಮದ್ದು.

ಸೊನೆಯ ವಿಷಯದಲ್ಲಿ ಎಚ್ಚರಿಕೆ

ಕ್ರೋಟನ್ ಗಿಡದ ಸೊನೆ ಕೆಲವರ ಚರ್ಮಕ್ಕೆ ತಾಕಿದರೆ ಉರಿಯೂ ಗಂಧೆಯೂ ಏಳುತ್ತವೆ. ಬಟ್ಟೆಗೆ ಕರೆ ಹಿಡಿಯುತ್ತದೆ. ಡಿಫೆನ್‌ಬೇಕಿಯಾ ಇದಕ್ಕಿಂತಲೂ ಅಪಾಯಕರ. ಇದು ನಮ್ಮ ಕೆಸುವಿನ ಕುಟುಂಬದ್ದು. ಹಸಿ ಕೆಸುವನ್ನು ಬಾಯಿಗಿಟ್ಟರೆ ಏಕೆ ತುರಿಸುವುದೆಂಬುದು ಎಲ್ಲರಿಗೂ ಅನುಭವವಿದೆ; ಸೂಜಿಯಂತಹ ಸುಣ್ಣದ ಹರಳುಗಳು ಅದಕ್ಕೆ ಕಾರಣ. ಡಿಫೆನ್‌ಬೇಕಿಯಾದಲ್ಲಿ ಈ ಹರಳುಗಳ ತೀಕ್ಷ್ಣತೆ ಹೆಚ್ಚು. ಅಗಿದ ಮಗುವಿನ ನಾಲಗೆ, ತುಟಿ, ಗಂಟಲು ಊದಿಕೊಂಡು ಮಾತು ನಿಲ್ಲುವುದುಂಟು. ಕೆಲೇಡಿಯಂ ಮತ್ತು ಮನಿಪ್ಲಾಂಟುಗಳಲ್ಲಿಯೂ ಇದೇ ಗುಣವಿದೆ.

ಆದುದರಿಂದ ಸವರುವವರು ಕೈಚೀಲ ತೊಟ್ಟು, ಕಣ್ಣನ್ನು ಮುಟ್ಟದೆ ಕೆಲಸಮಾಡಿ, ಮುಗಿದ ಮೇಲೆ ಕೈಯನ್ನೂ ಆಯುಧವನ್ನೂ ಸೋಪಿನಿಂದ ತೊಳೆಯಬೇಕು. ಸೊನೆ ಕಣ್ಣಿಗೆ ಹಾರಿದರೆ ಕಾಲು ಗಂಟೆಯ ಕಾಲ ಶುದ್ಧವಾದ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಬೇಕು. ಮಗು ಎಲೆಯನ್ನು ಅಗಿದಿದ್ದರೆ ಬಾಯಲ್ಲಿರುವುದನ್ನು ತೆಗೆದು, ನೀರಿನಿಂದ ಬಾಯಿ ತೊಳೆಸಿ, ವಾಂತಿ ಮಾಡಿಸಲು ಯತ್ನಿಸದೆ ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು. ಶಾಲೆಯ ಅಂಗಳದಲ್ಲಿಯೂ ಅಂಗನವಾಡಿಯ ಬಾಗಿಲಲ್ಲಿಯೂ ಡಿಫೆನ್‌ಬೇಕಿಯಾವನ್ನು ಇಡದಿರುವುದೇ ಲೇಸು. ಊರಿನ ಹಿರಿಯರು ಗಿಡ ನೆಡುವ ತೀರ್ಮಾನ ಮಾಡುವಾಗ ಈ ಒಂದು ಮಾತನ್ನು ಮನಸ್ಸಿನಲ್ಲಿಡಬೇಕೆಂದು ಕೋರಿಕೆ. ಅಕಾಲಿಫಾ, ಕೋಲಿಯಸ್ ಮುಂತಾದವು ಅಂತಹ ಸ್ಥಳಗಳಿಗೆ ಹೆಚ್ಚು ಯೋಗ್ಯ.

ಕಡಿದ ಸೊಪ್ಪಿನ ವಿಲೇವಾರಿ

ಕತ್ತರಿಸಿದ ಸೊಪ್ಪನ್ನು ದನ ಕುರಿಗಳ ಮುಂದೆ ಹಾಕಬಾರದು. ಕೊಟ್ಟಿಗೆಯ ಹತ್ತಿರ ರಾಶಿ ಮಾಡಲೂಬಾರದು. ಹುಳುವಿಲ್ಲದ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಬಹುದು. ಆದರೆ ಎಲೆಯ ಅಡಿಯಲ್ಲಿ ಹತ್ತಿಯಂತಹ ಬಿಳಿ ಹಿಟ್ಟು ಕಂಡರೆ, ಗಿಡದ ಮೇಲೆ ಇರುವೆ ಸಾಲುಗಟ್ಟಿ ಓಡಾಡುತ್ತಿದ್ದರೆ, ಅದು ಹಿಟ್ಟು ತಿಗಣೆಯ ಗುರುತು. ಅಂತಹ ಸೊಪ್ಪನ್ನು ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಸಾಗಿಸಿ, ಆಳವಾದ ಗುಂಡಿಯಲ್ಲಿ ಹೂಳಬೇಕು. ಬದುವಿನ ಮೇಲೆ, ಕಾಲುವೆಯಲ್ಲಿ, ತಿಪ್ಪೆಯಲ್ಲಿ ಎಸೆಯಬಾರದು.

ಇದು ಅತಿಯಾದ ಎಚ್ಚರಿಕೆಯೆಂದು ಯಾರೂ ಭಾವಿಸಬಾರದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ಎಂಬ ಪರದೇಶದ ಕೀಟವು ಅಲ್ಪಕಾಲದಲ್ಲಿಯೇ ತಮಿಳುನಾಡು, ಕರ್ನಾಟಕ ಮೊದಲಾದ ರಾಜ್ಯಗಳಲ್ಲಿ ಹರಡಿ, ಪರಂಗಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಾಳುಮಾಡಿತು. ದಾಸವಾಳದಂತಹ ಅಂಗಳದ ಗಿಡಗಳೂ ಅದಕ್ಕೆ ಆಶ್ರಯವಾಗಿದ್ದವು. 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಮೂರು ಜಾತಿಯ ಸಣ್ಣ ಕಣಜಗಳನ್ನು ಬೆಂಗಳೂರಿಗೆ ತರಿಸಿ, ಬೆಳೆಸಿ ತೋಟಗಳಲ್ಲಿ ಬಿಟ್ಟ ಮೇಲೆ ಆ ಪೀಡೆ ಹತೋಟಿಗೆ ಬಂದಿತು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಎಂಬುದು ಹೆಚ್ಚು ಫಲಕಾರಿಯಾಯಿತು. ಇಂತಹ ಉಪಕಾರಿ ಕೀಟಗಳನ್ನು ಉಳಿಸಿಕೊಳ್ಳಬೇಕಾದರೆ ತೀಕ್ಷ್ಣವಾದ ವಿಷಗಳನ್ನು ಕಂಡ ಕಂಡ ಹಾಗೆ ಸಿಂಪಡಿಸಬಾರದು. ಕುಂಡದ ಗಿಡಗಳಿಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದೇ ಸಾಕು. ಹೊರಗಿನ ಗಿಡಗಳಿಗೆ ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನ ಎಣ್ಣೆ ಹಾಗೂ ಸ್ವಲ್ಪ ಸೋಪನ್ನು ಕಲಸಿ ಸಂಜೆಯ ಹೊತ್ತು ಸಿಂಪಡಿಸಬಹುದು. ಹಿಪ್ಪುನೇರಳೆಯ ಪಕ್ಕದಲ್ಲಿ ಮಾತ್ರ ಇದನ್ನೂ ಸಿಂಪಡಿಸಬಾರದು. ಬೇವು ತಾಕಿದ ಸೊಪ್ಪು ರೇಷ್ಮೆ ಹುಳುವಿಗೆ ಆಗದು.

ಉಪಸಂಹಾರ

ಮೇಲೆ ಹೇಳಿದ ಊರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಬದುಕಿ ಉಳಿದ ಗಿಡಗಳ ತುದಿಗಳಿಗೆ ಮರುವರ್ಷದ ಮುಂಗಾರಿನಲ್ಲಿ ಗೂಟಿ ಕಟ್ಟಿ, ಬೇರು ಬಂದವುಗಳನ್ನು ಸತ್ತ ಗಿಡಗಳ ಜಾಗದಲ್ಲಿ ನೆಟ್ಟರು. ಹೊಸದಾಗಿ ಒಂದು ಗಿಡವನ್ನೂ ಕೊಳ್ಳಬೇಕಾಗಲಿಲ್ಲ. ಸವರುವ ಕೆಲಸಕ್ಕೆ ಆರಿದ್ರಾ ಮಳೆಯ ವಾರವನ್ನು ಗೊತ್ತುಮಾಡಿದರು. ಹುಳು ಹಿಡಿದ ಸೊಪ್ಪಿಗೆಂದು ಊರ ಹೊರಗೆ ಒಂದು ಗುಂಡಿಯನ್ನು ತೆಗೆಸಿದರು. ಮೂರನೆಯ ವರ್ಷದ ತೇರಿಗೆ ಬೀದಿಯ ಸಾಲು ಬುಡದಿಂದಲೇ ತುಂಬಿಕೊಂಡು ನಿಂತಿತ್ತು. ನಷ್ಟಪಟ್ಟ ಹಿಪ್ಪುನೇರಳೆ ತೋಟದವನೇ ಆ ವರ್ಷ ಕತ್ತರಿ ಹಿಡಿದು ಎಲ್ಲರಿಗೂ ಕ್ರಮವನ್ನು ತೋರಿಸಿದನೆಂಬುದು ಸಂತೋಷದ ಸಂಗತಿ.

ಊರಿನ ಯಜಮಾನರೂ ಜಮೀನುದಾರರೂ ತಮ್ಮ ಮನೆಯ ಅಂಗಳದ ಒಂದೆರಡು ಗಿಡಗಳಲ್ಲಿ ಈ ಕ್ರಮವನ್ನು ಮೊದಲು ಅನುಸರಿಸಿ ನೋಡಿ, ಅನಂತರ ಶಾಲೆ, ದೇವಸ್ಥಾನಗಳ ಗಿಡಗಳಿಗೆ ವಿಸ್ತರಿಸುವುದು ಮೇಲು. ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ. ಒಂದು ಹರಿತವಾದ ಕತ್ತರಿ, ಕಾಲದ ತಿಳಿವಳಿಕೆ, ನೆರೆಯವನ ತೋಟದ ಮೇಲೆ ಸ್ವಲ್ಪ ಕಾಳಜಿ ಇವಿಷ್ಟು ಇದ್ದರೆ ಸಾಕು.